ನೋವು ಒಬ್ಬರಿಗೆ, ಖಿನ್ನತೆ ಇನ್ನೊಬ್ಬರಿಗೆ, ಮನೆ ಮಾತ್ರ ಒಂದೇ

"ಮನೇಲಿ ಯಾರಿಗಾದ್ರೂ ಶುಗರ್, ಬಿಪಿ ಇದೆಯಾ?" ಅಂತ ಡಾಕ್ಟರ್ ಕೇಳಿದರೆ ಥಟ್ಟನೆ ಹೇಳುತ್ತೇವೆ. ಖಿನ್ನತೆ ಇತ್ತಾ ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ತಿಂಗಳುಗಟ್ಟಲೆ ಹೋಗದ ನೋವು ಮನೆಯಲ್ಲಿ ಯಾರಿಗಾದರೂ ಇದ್ದರೆ ಈ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಲೇಬೇಕು.

ನಮ್ಮ ಮನೆಯದನ್ನೇ ಹೇಳುತ್ತೇನೆ. ಅಜ್ಜಿಗೆ ಮೈಗ್ರೇನ್ ಇತ್ತು. ಅಮ್ಮನಿಗೆ ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲಾ ತಿಂಗಳುಗಟ್ಟಲೆ ನೋಯುವ ಕಾಯಿಲೆ. ಚಿಕ್ಕಮ್ಮನಿಗೆ ಖಿನ್ನತೆ. ಎಲ್ಲರಿಗೂ ಬೇರೆ ಬೇರೆ ಡಾಕ್ಟರ್, ಬೇರೆ ಬೇರೆ ಫೈಲ್. ಅಮ್ಮ ಬೆಳಿಗ್ಗೆ ತಲೆ ಬಾಚಲು ಕೈ ಎತ್ತುತ್ತಾರೆ, ಭುಜ ಹಿಡಿಯುತ್ತದೆ, ಬಾಚಣಿಗೆ ತೊಡೆ ಮೇಲಿಟ್ಟುಕೊಂಡು ಸುಮ್ನೆ ಕೂರುತ್ತಾರೆ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲಾ ನಾರ್ಮಲ್. ಬಂದವರೆಲ್ಲ "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂತ ಹೇಳಿ ಹೋಗುತ್ತಾರೆ. ಈ ಮಾತು ಕೇಳಿದರೆ ನನಗೆ ತುಂಬಾ ಸಂಕಟವಾಗುತ್ತದೆ.

2004ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಫೈಬ್ರೊಮಯಾಲ್ಜಿಯಾ ಇದ್ದವರ ಹತ್ತಿರದ ಸಂಬಂಧಿಕರನ್ನು, ರುಮಟಾಯ್ಡ್ ಸಂಧಿವಾತ ಇದ್ದವರ ಸಂಬಂಧಿಕರ ಜೊತೆ ಹೋಲಿಸಿ ನೋಡಿದರು. ಮೊದಲ ಗುಂಪಿನಲ್ಲಿ ಅದೇ ಕಾಯಿಲೆಯೂ ಜಾಸ್ತಿ, ಖಿನ್ನತೆಯಂಥ ತೊಂದರೆಗಳೂ ಜಾಸ್ತಿ. ಸಂಧಿವಾತವೂ ನೋವಿನ ಕಾಯಿಲೆಯೇ ಅಲ್ವಾ? ಹಾಗಾಗಿ "ನರಳುವವರನ್ನು ನೋಡಿ ನೋಡಿ ಮನೆಯವರೂ ಕುಗ್ಗಿದರು" ಅಂದರೆ ಸಾಲದು. ಅದೂ ನಿಜ, ಆದರೆ ರಕ್ತಸಂಬಂಧದಲ್ಲಿ ಬರುವುದೂ ಏನೋ ಇದೆ. ಬಂದೇ ಬರುತ್ತದೆ ಅಂತಲ್ಲ, ಸಾಧ್ಯತೆ ಜಾಸ್ತಿ ಅಷ್ಟೇ. ಬಾಲ್ಯದ ಕಷ್ಟ, ನಿದ್ದೆಗೇಡು ಇವೂ ಸೇರಿಕೊಳ್ಳುತ್ತವೆ.

ಮೆದುಳಿನಲ್ಲೂ ನೋವು, ಖಿನ್ನತೆ ಎರಡರ ದಾರಿ ಸೇರುತ್ತದೆ. ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳಿಗೆ ಮನಸ್ಸಿನ ಸ್ಥಿತಿಯಲ್ಲಿ ಪಾತ್ರ ಇದೆ. ಮೆದುಳಿನಿಂದ ಬೆನ್ನುಹುರಿಗೆ ಇಳಿದು ನೋವಿನ ಸಂದೇಶವನ್ನು ತಗ್ಗಿಸುವ ವ್ಯವಸ್ಥೆಯಲ್ಲೂ ಇವೇ ಕೆಲಸ ಮಾಡುತ್ತವೆ. ಅದಕ್ಕೇ ಡುಲಾಕ್ಸೆಟಿನ್ ಮಾತ್ರೆಯನ್ನು ಖಿನ್ನತೆಗೂ ಕೊಡುತ್ತಾರೆ, ಫೈಬ್ರೊಮಯಾಲ್ಜಿಯಾಕ್ಕೂ ಕೊಡುತ್ತಾರೆ. ಖಿನ್ನತೆಯ ಹಳೇ ಔಷಧಿ ಅಮಿಟ್ರಿಪ್ಟಿಲಿನ್ ಅನ್ನು 10 ಅಥವಾ 25 ಮಿಲಿಗ್ರಾಂನಷ್ಟು ಕಡಿಮೆ ಡೋಸ್‌ನಲ್ಲಿ ನರದ ನೋವಿಗೂ ಮೈಗ್ರೇನ್ ತಡೆಯುವುದಕ್ಕೂ ಬರೆಯುತ್ತಾರೆ.

ಇಲ್ಲೇ ಎಷ್ಟೋ ಮನೆಗಳಲ್ಲಿ ಎಡವಟ್ಟಾಗುವುದು. ಯಾರೋ ಮೊಬೈಲ್‌ನಲ್ಲಿ ಮಾತ್ರೆಯ ಹೆಸರು ಹುಡುಕಿ "ಇದು ಡಿಪ್ರೆಶನ್‌ಗೆ ಕೊಡೋದು" ಅನ್ನುತ್ತಾರೆ. "ಹಾಗಾದ್ರೆ ನಂದು ನಾಟಕ ಅಂತಾನಾ ಡಾಕ್ಟರ್ ಅಂದ್ಕೊಂಡಿರೋದು?" ಅಂತ ನೋವಿರುವವರು ಮಾತ್ರೆ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮಾತ್ರೆ ಬರೆದ ಮಾತ್ರಕ್ಕೆ ನೋವು ಸುಳ್ಳು ಅಂತ ಅರ್ಥ ಅಲ್ಲ. ಇಂಥ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ತಟ್ಟನೆ ನಿಲ್ಲಿಸಲೂಬಾರದು.

ನೋವಿರುವವರಿಗೆ ನಿದ್ದೆ ಬರ್ತಿದೆಯಾ, ಇಷ್ಟದ ಕೆಲಸ ಈಗಲೂ ಇಷ್ಟವಾಗುತ್ತಾ ಅಂತ ಮನೆಯವರು ಕೇಳುತ್ತಿರಬೇಕು. "ಬದುಕೇ ಸಾಕಾಗಿದೆ" ಅಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಈಚೆಗೆ ಚಿಕ್ಕಮ್ಮನ ಮಗಳಿಗೆ ಪದೇ ಪದೇ ತಲೆನೋವು ಶುರುವಾಯಿತು. ಅವಳು ಡಾಕ್ಟರ್ ಹತ್ತಿರ ಅಜ್ಜಿಯದು, ದೊಡ್ಡಮ್ಮನದು, ತನ್ನ ಅಮ್ಮನದು ಮೂರನ್ನೂ ಒಟ್ಟಿಗೆ ಹೇಳಿದಳು. ಅವರು ತಲೆನೋವಿನ ಜೊತೆಗೆ ನಿದ್ದೆ, ಊಟ, ಮನಸ್ಸು ಹೇಗಿದೆ ಅಂತಲೂ ವಿಚಾರಿಸಿದರಂತೆ. ಈಗ ತಲೆನೋವಿಗೂ ಮನಸ್ಸಿಗೂ ಒಂದೇ ಕಡೆ ತೋರಿಸುತ್ತಿದ್ದಾಳೆ.