ಕುದುರೆಗೆ ನಾಳೆಯ ರೇಟು ಗೊತ್ತಿಲ್ಲ

ಕಾಫಿ ಬೆಳೆಯುವವನಿಗೆ ಇವತ್ತು ಅನ್ನುವ ದಿನವೇ ಇರುವುದಿಲ್ಲ. ಫೆಬ್ರವರಿ ಬಂತೆಂದರೆ ಹೂಮಳೆ ಯಾವಾಗ ಅನ್ನುವ ಚಿಂತೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ ಘಮ್ಮೆನ್ನುತ್ತದೆ. ಬೆಂಗಳೂರಿನವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾವು ಮಾತ್ರ ಹೂ ಬಿಟ್ಟು ಆಕಾಶ ನೋಡುತ್ತಿರುತ್ತೇವೆ, ಹಿಂದೆಯೇ ಇನ್ನೊಂದು ಮಳೆ ಬರದಿದ್ದರೆ ಕಾಯಿ ಕಚ್ಚುವುದಿಲ್ಲವಲ್ಲ ಎಂದು. ಜುಲೈಯಲ್ಲಿ ಕೊಳೆರೋಗ. ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ ಹರವಿದ್ದಾಗಲೇ ಮೋಡ. ಇಷ್ಟು ಸಾಲದು ಅಂತ ರೋಬಸ್ಟಾ ದರ ಲಂಡನ್ನಿನಲ್ಲಿ, ಅರೇಬಿಕಾ ದರ ನ್ಯೂಯಾರ್ಕಿನಲ್ಲಿ ಏರಿಳಿಯುತ್ತದೆ. ಅಲ್ಲಿ ನಾಲ್ಕು ಕಾಸು ಇಳಿದರೆ ಆಲ್ದೂರಿನಲ್ಲಿ ನಮಗೆ ನಿದ್ದೆ ಬರುವುದಿಲ್ಲ.

ಇಂಥವನ ಹತ್ತಿರ ಬಂದು ಯಾರಾದರೂ ‘ಈ ಕ್ಷಣದಲ್ಲಿ ಬದುಕಿ’ ಅಂದರೆ ಸಿಟ್ಟು ಬರುವುದು ಸಹಜ ಅಲ್ವಾ? ಉಸಿರಿನ ಮೇಲೆ ಗಮನ ಇಡಿ ಅನ್ನುವ ವಿಡಿಯೊ ಹಾಕಿಕೊಂಡು, ಕಣ್ಣು ಮುಚ್ಚಿ ಕೂತು, ಮೂಟೆ ಗೊಬ್ಬರದ ಲೆಕ್ಕ ಮುಗಿಸಿ ಎದ್ದವನು ನಾನು. ಆದರೆ ಅದೇ ಪಾಠವನ್ನು ಬಾಯಿ ಬಿಡದೆ ಹೇಳುವ ಪ್ರಾಣಿ ಪಕ್ಕದ ತೋಟದಲ್ಲೇ ಇದೆ.

ಆ ತೋಟದವರು ಹೋಂಸ್ಟೇ ಶುರು ಮಾಡಿದಾಗ ಅತಿಥಿಗಳಿಗೆ ಸವಾರಿ ಇರಲಿ ಅಂತ ಎರಡು ಕುದುರೆ ತಂದರು. ಸವಾರಿ ಅಷ್ಟೇನೂ ನಡೆಯಲಿಲ್ಲ, ಕುದುರೆಗಳು ಉಳಿದುಕೊಂಡವು. ನೋಡಿಕೊಳ್ಳುವವರು ಒಬ್ಬ ಹಿರಿಯರು. ಹಿಂದೆ ಹಾಸನದಲ್ಲಿ ಜಟಕಾ ಹೊಡೆಯುತ್ತಿದ್ದರಂತೆ. ನಮಗೆಲ್ಲ ಸಾಬ್ರು. ಸಂಜೆ ಆಳುಗಳೆಲ್ಲ ಹೋದ ಮೇಲೆ ಬೇಲಿ ಹತ್ತಿರ ನಿಂತು ಅವರ ಜೊತೆ ನಾಲ್ಕು ಮಾತಾಡುವುದು ನನಗೆ ರೂಢಿ.

ಕುದುರೆ ಅಂದರೆ ಓಟ ಅಂತ ನಮ್ಮ ತಲೆಯಲ್ಲಿ ಕೂತಿದೆ. ಹಳೇಬೀಡಿನ ಗೋಡೆ ನೋಡಿ. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಆಮೇಲೆ ಸವಾರರನ್ನು ಹೊತ್ತ ಕುದುರೆಗಳು. ಗೈಡು ಕೋಲು ತೋರಿಸಿ, ಆನೆ ಅಂದರೆ ಬಲ, ಸಿಂಹ ಅಂದರೆ ಧೈರ್ಯ, ಕುದುರೆ ಅಂದರೆ ವೇಗ ಎಂದು ಒಪ್ಪಿಸುತ್ತಾನೆ. ಹನ್ನೆರಡನೇ ಶತಮಾನದಿಂದ ಆ ಕುದುರೆಗಳು ಹಾಗೇ ಓಡುತ್ತಿವೆ. ನಿಜವಾದ ಕುದುರೆ ಹಾಗಲ್ಲ. ದಿನದ ಹೆಚ್ಚು ಹೊತ್ತು ಅದು ಮೇಯುತ್ತದೆ, ಇಲ್ಲವೇ ಸುಮ್ನೆ ನಿಂತಿರುತ್ತದೆ. ಮೈ ಅಷ್ಟು ದೊಡ್ಡದಾದರೂ ಹೊಟ್ಟೆಯ ಚೀಲ ಚಿಕ್ಕದು. ಒಂದೇ ಸಲ ತುಂಬಿಸಿಕೊಳ್ಳಲು ಆಗುವುದಿಲ್ಲ, ಬಿಟ್ಟರೆ ದಿನಕ್ಕೆ 14, 16 ಗಂಟೆ ಮೇಯುತ್ತಲೇ ಇರುತ್ತದೆ. ತಿಂದದ್ದನ್ನು ವಾಂತಿ ಮಾಡಲೂ ಅದಕ್ಕೆ ಬರುವುದಿಲ್ಲ. ಹಾಗಾಗಿ ಬಾಯಿಗೆ ಹೋಗುವ ಪ್ರತಿ ತುತ್ತಿನ ಮೇಲೂ ನಿಗಾ. ಸಾಬ್ರು ಒಮ್ಮೆ ನೆನೆಸಿದ ಹುರುಳಿಯನ್ನು ನನ್ನ ಅಂಗೈಗೆ ಸುರಿದು ಚಾಚಿ ಅಂದರು. ಮೇಲ್ತುಟಿ ಬಂದು ಕೈಮೇಲೆ ಹರಿದಾಡಿತು. ಮೆತ್ತಗೆ, ಬೆಚ್ಚಗೆ, ಒಂದೆರಡು ಒರಟು ಕೂದಲು ಚುಚ್ಚುವ ಹಾಗೆ. ಕಾಳೆಲ್ಲ ಹೋಯಿತು. ಕಾಳಿನ ಜೊತೆ ಸೇರಿಕೊಂಡಿದ್ದ ಚಿಕ್ಕ ಕಲ್ಲೊಂದು ಕೈಯಲ್ಲೇ ಉಳಿಯಿತು. ಆ ಹೊತ್ತಿಗೆ ನಾನು ಬೆಳಿಗ್ಗೆ ಏನು ತಿಂದೆ ಅಂತ ಯಾರಾದರೂ ಕೇಳಿದ್ದರೆ ಹೇಳಲು ನನಗೆ ಗೊತ್ತಾಗುತ್ತಿರಲಿಲ್ಲ.

ಕುದುರೆಯ ಗಮನ ಎಲ್ಲಿದೆ ಅಂತ ನೋಡಬೇಕಾದರೆ ಕಿವಿ ನೋಡಬೇಕು. ಎರಡೂ ಕಿವಿ ಬೇರೆ ಬೇರೆ ತಿರುಗುತ್ತವೆ. ಒಂದು ಸಾಬ್ರ ಕಡೆ, ಇನ್ನೊಂದು ಹಿಂದೆ ಗೇಟಿನ ಕಡೆ. ಅತ್ತ ಪಿಕಪ್ ಗಾಡಿಯ ಸದ್ದು ಬಂತೆಂದರೆ ಕಿವಿ ಮೊದಲು ಹೋಗುತ್ತದೆ, ತಲೆ ಆಮೇಲೆ. ಕಣ್ಣು ಮುಖದ ಎರಡು ಪಕ್ಕದಲ್ಲಿರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಹಣೆಯ ನೇರ ಮುಂದೆ ಸ್ವಲ್ಪ ಜಾಗ, ಬಾಲದ ಹಿಂದೆ ಸ್ವಲ್ಪ ಜಾಗ, ಇವೆರಡೇ ಕತ್ತಲು. ಅದಕ್ಕೇ ಹಿಂದಿನಿಂದ ಸದ್ದಿಲ್ಲದೆ ಹೋಗಬೇಡಿ, ಭುಜದ ಕಡೆಯಿಂದ ಮಾತಾಡುತ್ತ ಬನ್ನಿ ಅನ್ನುವುದು. ಇನ್ನು ಚರ್ಮ. ಹೊಟ್ಟೆಯ ಮೇಲೆ ಒಂದು ನೊಣ ಕೂತರೆ ಅಷ್ಟು ಜಾಗ ಮಾತ್ರ ನಡುಗುತ್ತದೆ, ಉಳಿದ ಮೈ ತಣ್ಣಗೆ ಇರುತ್ತದೆ.

ಇದನ್ನೆಲ್ಲ ನೋಡಿ ಕುದುರೆ ಒಂದು ಋಷಿ ಅಂದುಕೊಂಡರೆ ಕೆಟ್ಟಿರಿ. ಅದು ಶಾಂತಿಯಿಂದ ಎಚ್ಚರವಾಗಿಲ್ಲ, ಭಯದಿಂದ ಎಚ್ಚರವಾಗಿದೆ. ಹುಲಿ ತೋಳಗಳಿಗೆ ಊಟವಾಗಿದ್ದ ವಂಶ ಅದು. ನಿಂತೇ ತೂಕಡಿಸುತ್ತದೆ, ಕಾಲಿನ ಕೀಲು ಬಿಗಿದುಕೊಂಡು ಬೀಳದ ಹಾಗೆ ಹಿಡಿಯುತ್ತದೆ. ಗಾಢ ನಿದ್ದೆಗೆ ಮಾತ್ರ ಮಲಗಲೇಬೇಕು, ಅದೂ ಸ್ವಲ್ಪ ಹೊತ್ತು. ಎಲ್ಲ ಸೇರಿ ದಿನಕ್ಕೆ 3 ಗಂಟೆಯ ಆಸುಪಾಸು ನಿದ್ದೆ. ನಮ್ಮ ಸಾಬ್ರ ಎರಡು ಕುದುರೆಗಳಲ್ಲಿ ಒಂದು ಮಲಗಿದ್ದರೆ ಇನ್ನೊಂದು ನಿಂತೇ ಇರುತ್ತದೆ. ಚಿರತೆ ಓಡಾಡುವ ಊರಲ್ಲಿ ಅದು ಅತಿಯಾಯಿತು ಅಂತಲೂ ಹೇಳುವ ಹಾಗಿಲ್ಲ.

ನನಗೆ ಹಿಡಿಸಿದ್ದು ಎಚ್ಚರವಲ್ಲ, ಎಚ್ಚರ ಮುಗಿದ ಮೇಲಿನದು. ಒಂದು ಸಂಜೆ ಸಿಲ್ವರ್ ಓಕಿನಿಂದ ಒಣಗಿದ ಕೊಂಬೆಯೊಂದು ತಗಡಿನ ಶೀಟಿನ ಮೇಲೆ ಬಿತ್ತು. ಗುಂಡು ಹೊಡೆದಷ್ಟು ಸದ್ದು. ಎರಡೂ ಕುದುರೆಗಳು ಬೆದರಿ ಬೇಲಿಯ ಆ ತುದಿಗೆ ನೆಗೆದವು. ಅಲ್ಲಿ ತಿರುಗಿ ನಿಂತು, ಮೂಗಿನ ಹೊಳ್ಳೆ ಅರಳಿಸಿಕೊಂಡು ನೋಡಿದವು. ಏನೂ ಬರಲಿಲ್ಲ. ಆಗ ಹೆಣ್ಣು ಕುದುರೆ ಉದ್ದಕ್ಕೆ ಉಸಿರು ಬಿಟ್ಟು, ಮೈಯೆಲ್ಲ ಒಮ್ಮೆ ಕೊಡವಿ, ಬಾಯಿ ಚಪ್ಪರಿಸಿ, ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು. ಅಷ್ಟೇ. ಬಿದ್ದ ಕೊಂಬೆಯ ಬಗ್ಗೆ ಸಭೆ ಇಲ್ಲ. ಅದೇ ಕೊಂಬೆ ನನ್ನ ಪಕ್ಕ ಬಿದ್ದಿದ್ದರೆ ನಾನು ಮನೆಗೆ ಹೋಗಿ ಹೆಂಡತಿಗೆ ಹೇಳಿ, ಫೋನಿನಲ್ಲಿ ಭಾವಮೈದುನನಿಗೆ ಹೇಳಿ, ರಾತ್ರಿ ಮಲಗಿ, ತಲೆ ಮೇಲೇ ಬಿದ್ದಿದ್ದರೆ ಏನು ಗತಿ ಅಂತ ಇಲ್ಲದ ಸಾವನ್ನೂ ಒಮ್ಮೆ ಸತ್ತು ಬರುತ್ತಿದ್ದೆ.

ಕುದುರೆ ಮರೆತುಬಿಡುತ್ತದೆ ಅನ್ನಬೇಡಿ. ಅದರ ನೆನಪು ಗಟ್ಟಿ. ಹೊಡೆದವನನ್ನು ವರ್ಷಗಳಾದರೂ ಗುರುತಿಡುತ್ತದೆ. ಮರುದಿನ ಆ ಶೀಟಿನ ಹತ್ತಿರ ಹೋದಾಗ ಕಿವಿ ಅತ್ತ ತಿರುಗಿಯೇ ಇತ್ತು. ನೆನಪಿದೆ, ಆದರೆ ಅದನ್ನು ಹುಲ್ಲಿನ ಜೊತೆ ಕಲಸಿ ಮೆಲ್ಲುವುದಿಲ್ಲ. ಮೆಲುಕು ಹಾಕುವುದು ಹಸು, ಕುದುರೆ ಅಲ್ಲ.

ಇನ್ನೊಂದು ವಿಷಯ. ನಮ್ಮ ಮನಸ್ಸು ಎಲ್ಲಿದೆ ಅನ್ನುವುದು ನಮಗಿಂತ ಮೊದಲು ಕುದುರೆಗೆ ತಿಳಿಯುತ್ತದೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಜರ್ಮನಿಯ ಬರ್ಲಿನ್ನಿನಲ್ಲಿ ಹಾನ್ಸ್ ಅನ್ನುವ ಕುದುರೆ ಇತ್ತು. ಕೂಡುವ ಲೆಕ್ಕ ಕೇಳಿದರೆ ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. ಜನ ಮರುಳಾದರು. ಮನಶ್ಶಾಸ್ತ್ರದ ಆಸ್ಕರ್ ಫುಂಗ್‌ಸ್ಟ್ ಕೂತು ಪರೀಕ್ಷೆ ಮಾಡಿ 1907ರಲ್ಲಿ ಗುಟ್ಟು ಬಿಡಿಸಿದರು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸಿಗೂ ಗೊತ್ತಿರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳುವವರ ತಲೆ ಅವರಿಗೇ ತಿಳಿಯದಷ್ಟು ಅಲುಗುತ್ತಿತ್ತು. ಅದನ್ನು ನೋಡಿ ಕುದುರೆ ತಟ್ಟುವುದು ನಿಲ್ಲಿಸುತ್ತಿತ್ತು. ಅದಕ್ಕೆ ಗೊತ್ತಿದ್ದದ್ದು ಲೆಕ್ಕವಲ್ಲ, ಲೆಕ್ಕ ಕೇಳುವ ಮನುಷ್ಯ. ಜನ ಇದನ್ನು ಮೋಸ ಬಯಲಾದ ಕಥೆ ಅಂತ ಹೇಳುತ್ತಾರೆ. ನನಗೇನೋ ಲೆಕ್ಕ ಬರುವ ಕುದುರೆಗಿಂತ ಈ ಕುದುರೆಯೇ ದೊಡ್ಡದು ಅನ್ನಿಸುತ್ತದೆ.

ಸಾಬ್ರಿಗೆ ಹಾನ್ಸ್ ಕಥೆ ಹೇಳಿದೆ. ಅವರಿಗೆ ಏನೂ ಆಶ್ಚರ್ಯವಾಗಲಿಲ್ಲ. “ಜಟಕಾ ಕಾಲದಲ್ಲೂ ಹಂಗೇ ಗೌಡ್ರೇ. ಮನೇಲಿ ಜಗಳ ಆಡ್ಕಂಡ್ ಬಂದ್ರೆ ಲಗಾಮು ಮುಟ್ಟೋ ಮುಂಚೆನೇ ಅದಕ್ಕೆ ತಿಳೀತಿತ್ತು. ಅವತ್ತು ಬಾಡಿಗೆ ಅಷ್ಟಕ್ಕಷ್ಟೇ” ಅಂದರು. ಈಗ ವಾರದ ಕೊನೆಗೆ ಬರುವ ಅತಿಥಿಗಳು ಮನಸ್ಸು ಹಗುರ ಮಾಡಿಕೊಳ್ಳಲು ಕುದುರೆ ಮೈ ಉಜ್ಜುತ್ತಾರೆ. ಒಂದು ಕೈಯಲ್ಲಿ ಬ್ರಷ್ಷು, ಒಂದು ಕೈಯಲ್ಲಿ ಫೋನು. ಕುದುರೆ ಸ್ವಲ್ಪ ಹೊತ್ತು ನೋಡುತ್ತದೆ, ಆಮೇಲೆ ನಾಲ್ಕು ಹೆಜ್ಜೆ ಆಚೆ ಹೋಗಿ ಬೆನ್ನು ಹಾಕಿ ನಿಲ್ಲುತ್ತದೆ. ಫೋನು ಜೇಬಿಗೆ ಹೋದರೆ ಮತ್ತೆ ಬರುವುದೂ ಉಂಟು.

ಕುದುರೆಗೆ ನಾಳೆ ಇಲ್ಲ ಸರಿ, ಆದರೆ ಅದರ ನಾಳೆಯನ್ನೆಲ್ಲ ಹೊತ್ತವರು ಸಾಬ್ರು. ಹುರುಳಿ, ಬೂಸಾ ತೀರುವ ಮೊದಲೇ ತರಿಸಬೇಕು. ಮಲೆನಾಡಿನ ಮಳೆಗೆ ಲಾಯದ ನೆಲ ಒದ್ದೆಯಾದರೆ ಗೊರಸು ಕೊಳೆಯುತ್ತದೆ, ಜೂನಿಗೆ ಮುಂಚೆ ಮಣ್ಣು ಹೊಡೆಸಿ ಎತ್ತರ ಮಾಡಬೇಕು. ಆರೆಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ, ಬೆಳೆದ ಗೊರಸು ಕತ್ತರಿಸಿ, ಮತ್ತೆ ಹೊಡೆಯಬೇಕು. ಲಾಳ ಹೊಡೆಯುವವರು ಈಗ ಸುಲಭಕ್ಕೆ ಸಿಗುವುದಿಲ್ಲ. ಅವರು ಬರುವ ದಿನ ಸಾಬ್ರು ನನ್ನನ್ನೂ ಕೂಗಿ ಕರೆಯುತ್ತಾರೆ, ಹಗ್ಗ ಹಿಡಿದು ಕುದುರೆಯ ತಲೆಯ ಹತ್ತಿರ ನಿಲ್ಲಲು. “ನೀವೇನೂ ಮಾಡೋದು ಬ್ಯಾಡ ಗೌಡ್ರೇ, ಸುಮ್ನೆ ನಿಂತ್ಕಳಿ. ಕಾಫಿ ರೇಟು ಮಾತ್ರ ಯೋಚ್ನೆ ಮಾಡ್ಬೇಡಿ, ಒದೀತದೆ.”

ಅಷ್ಟು ಹೊತ್ತು ನಿಂತದ್ದಕ್ಕೆ ಕೂಲಿ ಇಲ್ಲ. ಲದ್ದಿ ಗೊಬ್ಬರ ಒಂದೆರಡು ಚೀಲ ಕೊಡುತ್ತಾರೆ. ಮೆಣಸಿನ ಬಳ್ಳಿಗೆ ಚೆನ್ನಾಗಿ ಹಿಡಿದಿದೆ.