ಮಾಮ, ಒಂದು ಸೀಲು ಹಾಕಿಸಿಕೊಡಿ

ಬೆಳಿಗ್ಗೆ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮ, ನಿಮ್ಮ ಪಂಚಾಯ್ತಿ ಪಿಡಿಒ ನಿಮಗೆ ಪರಿಚಯ ಅಲ್ವಾ? ನಾನು ಅಲ್ಲಿ ನೀರಿನ ಕೆಲಸ ಮಾಡಿದ್ದೀನಿ ಅಂತ ಒಂದು ಲೆಟರ್ ಬರೆಸಿ ಸೀಲು ಹಾಕಿಸಿಕೊಡಿ."

ಏನು ಕೆಲಸ ಮಾಡಿದೆಯೋ ಅಂದೆ.

"ಮಾಡ್ಬೇಕು ಮಾಮ. ಮೊದಲು ಲೆಟರ್ ಆಗಲಿ."

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. (ಸರಿ, ಸ್ವಲ್ಪ ಇದೆ.) ವಿಟಿಯು ಎಂಜಿನಿಯರಿಂಗ್ ಡಿಗ್ರಿ ಕೈಗೆ ಬರಬೇಕಾದರೆ ಎಐಸಿಟಿಇಯ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) 100 ಆಕ್ಟಿವಿಟಿ ಪಾಯಿಂಟ್, ಅಂದರೆ ಪಾಠದ ಹೊರಗೆ ಸಮಾಜಕ್ಕಾಗಿ ಮಾಡುವ ಕೆಲಸಕ್ಕೆ ಸಿಗುವ ಅಂಕ, ಆಗಲೇಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಪಟ್ಟಿ ಚೆನ್ನಾಗಿಯೇ ಇದೆ: ಊರ ಶಾಲೆಗೆ ನೆರವು, ನೀರಿನ ನಿರ್ವಹಣೆ, ಹಳ್ಳಿಯ ಆದಾಯ ಹೆಚ್ಚಿಸುವ ಯೋಜನೆ. ಆದರೆ ನಾನು ನೋಡಿದ ಕಡೆಯೆಲ್ಲ ನೆಟ್ಟ ಗಿಡಕ್ಕಿಂತ ಬ್ಯಾನರ್ ದೊಡ್ಡದು. ಆ ಗಿಡ ಬದುಕಿದೆಯಾ ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಅದಕ್ಕಿಂತ ಮೊದಲಿನ ಪ್ರಶ್ನೆ: ನಿಮಗೆ ಏನು ಬೇಕು ಅಂತ ಊರಿನವರನ್ನು ಯಾರಾದರೂ ಕೇಳಿದರಾ?

ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಪುಟ್ಟ ಊರು ನೆನಪಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಹಳ್ಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ಶುರು ಮಾಡಿದ 'ಅಸ್ತ್ರ' ತಂಡ ಅಲ್ಲಿ ಸಗಣಿ ಗ್ಯಾಸ್ ಪ್ಲಾಂಟ್ ಹಾಕಿತು. ಮನೆಮನೆಗೂ ಅಡುಗೆ ಗ್ಯಾಸ್ ಕೊಡುವ ಯೋಚನೆ. ಇದ್ದ ಸಗಣಿಗೆ ಅಷ್ಟು ಗ್ಯಾಸ್ ಹುಟ್ಟಲಿಲ್ಲ, ಯೋಜನೆ ಬಿದ್ದುಹೋಯಿತು. ಜನರಿಗೆ ಮೊದಲು ಬೇಕಾಗಿದ್ದು ಕುಡಿಯುವ ನೀರು. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಬೋರ್‌ವೆಲ್ ನೀರು ಎತ್ತಿ, ಮನೆಗಳಿಗೆ ಲೈಟು ಕೊಟ್ಟಾಗ ಊರೇ ಕೈಜೋಡಿಸಿತು. ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ದುಡ್ಡು. ಗ್ಯಾಸ್ ತೆಗೆದ ಮೇಲೆ ಗೊಬ್ಬರವೂ ವಾಪಸ್. ಎಂಜಿನಿಯರಿಂಗ್ ಕಲಿಯಲು ಇದಕ್ಕಿಂತ ಒಳ್ಳೆ ಲ್ಯಾಬ್ ಬೇಕಾ? ಯಾವ ಪಾಯಿಂಟಿಗೂ ಮಾಡಿದ್ದಲ್ಲ ಅದು.

"ಇಂಟರ್ನಲ್ಸು, ಲ್ಯಾಬು, ಪ್ಲೇಸ್‌ಮೆಂಟು, ಮಕ್ಕಳಿಗೆ ಟೈಮ್ ಎಲ್ಲಿದೆ ಸಾರ್?" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಹೌದಪ್ಪ, ಟೈಮಿಲ್ಲ. ಫೈನಲ್ ಇಯರ್ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ರೆಡಿಮೇಡ್ ತರಲು ಮಾತ್ರ ಟೈಮ್ ಹೇಗೋ ಸಿಗುತ್ತದೆ.

ಪಾಯಿಂಟಿನ ಕೆಲಸ, ಫೈನಲ್ ಇಯರ್ ಪ್ರಾಜೆಕ್ಟು, ಎರಡನ್ನೂ ಒಂದೇ ಮಾಡಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1995ರಿಂದ 'ಎಪಿಕ್ಸ್' ಅಂತ ನಡೆಯುತ್ತಿದೆ. ಊರಿನ ಸಂಸ್ಥೆಗಳ ನಿಜವಾದ ಸಮಸ್ಯೆಗೆ ವಿದ್ಯಾರ್ಥಿಗಳು ಪರಿಹಾರ ಕಟ್ಟುತ್ತಾರೆ, ಅದಕ್ಕೆ ಕ್ರೆಡಿಟ್ ಸಿಗುತ್ತದೆ. ಒಂದು ಬ್ಯಾಚ್ ಬಿಟ್ಟಲ್ಲಿಂದ ಮುಂದಿನವರು ಶುರು ಮಾಡುತ್ತಾರೆ. ನಮ್ಮಲ್ಲಿ ಪ್ರತಿ ಬ್ಯಾಚೂ ಹೊಸದಾಗಿ ಗುಂಡಿ ತೋಡುತ್ತದೆ.

ಇನ್ನು ವೈವಾ, ಅಂದರೆ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ. ಎಕ್ಸ್‌ಟರ್ನಲ್ ಪ್ರೊಫೆಸರ್ ಪಕ್ಕದಲ್ಲಿ ಊರಿನ ನೀರುಗಂಟಿಯನ್ನೂ ಕೂರಿಸಿ. ಬೇಸಿಗೆಯಲ್ಲಿ ಮೋಟಾರ್ ಪದೇ ಪದೇ ಯಾಕೆ ಸುಡುತ್ತದೆ ಅಂತ ಅವನು ಕೇಳಲಿ. ಉತ್ತರ ಹೇಳಿದವರಿಗೆ 200 ಪಾಯಿಂಟ್ ಕೊಟ್ಟರೂ ನನ್ನ ತಕರಾರಿಲ್ಲ.