ಯಾರ ಕಡೆಯಿಂದ ಬಂತು?

ಮಗು ನೋಡಲು ಹೋದ ಮನೆಯಲ್ಲಿ ಕಾಫಿ ಬರುವ ಮೊದಲೇ ಪಾಲು ಹಂಚುವ ಕೆಲಸ ಶುರು. ಮೂಗು ಅಪ್ಪಂದು, ಕಿವಿ ಅಜ್ಜಂದು, ಬಣ್ಣ ಮಾತ್ರ ತಾಯಿ ಕಡೆಯದು. ಮಗು ಚೆನ್ನಾಗಿದ್ದರೆ ಇದು ತಮಾಷೆ. ಇಲ್ಲದಿದ್ದರೆ ಅದೇ ಮಾತು ಪಂಚಾಯಿತಿ ಆಗುತ್ತದೆ.

ನನ್ನ ಚಿಕ್ಕಪ್ಪನ ಮಗಳ ಮನೆಯಲ್ಲಿ ಹೀಗೇ ಆಯಿತು. ಹುಟ್ಟಿದಾಗ ಮಗು ಬಟ್ಟೆ ಗೊಂಬೆಯ ಹಾಗೆ ಮೆತ್ತಗಿತ್ತು. ಹಾಲು ಚೀಪಲೂ ಶಕ್ತಿ ಇರಲಿಲ್ಲ. ಆಗ ಮಾಡಿಸಿದ ಕ್ರೋಮೋಸೋಮ್ (ಜೀನುಗಳನ್ನು ಹೊತ್ತ ಎಳೆಗಳು) ಟೆಸ್ಟಿನಲ್ಲಿ ಇರಬೇಕಾದ 46 ಸರಿಯಾಗಿಯೇ ಇದ್ದವು. ನಾಲ್ಕೈದು ವರ್ಷಕ್ಕೆ ಎಲ್ಲಾ ಉಲ್ಟಾ. ಎಷ್ಟು ತಿಂದರೂ ಹಸಿವು, ಹೊಟ್ಟೆ ತುಂಬಿತು ಅನ್ನುವುದೇ ಇಲ್ಲ. ಮತ್ತೆ ಟೆಸ್ಟು, ಈ ಸಲ ಮಿಥೈಲೇಷನ್, ಅಂದರೆ ಯಾವ ಜೀನು ಎಚ್ಚರ, ಯಾವುದು ನಿದ್ದೆ ಅಂತ ಹೇಳುವ ಗುರುತು ನೋಡುವುದು. ಪ್ರಾಡರ್-ವಿಲ್ಲಿ ಸಿಂಡ್ರೋಮ್ ಅಂತ ಬಂತು. ಕಾರಣ ಹುಡುಕಿದರೆ, ಮಗುವಿನ ಎರಡೂ 15ನೇ ಕ್ರೋಮೋಸೋಮ್ ತಾಯಿಯವೇ. ಒಂದು ಅಮ್ಮನದು, ಒಂದು ಅಪ್ಪನದು ಇರಬೇಕಿತ್ತು. ಅಪ್ಪಂದು ಇಲ್ಲವೇ ಇಲ್ಲ.

"ತಾಯಿಯವೇ" ಅನ್ನುವ ಒಂದು ಮಾತು ಅವಳ ಅತ್ತೆಗೆ ಸಾಕಾಯಿತು. "ನಮ್ಮ ವಂಶದಲ್ಲಿ ಯಾರಿಗೂ ಹೀಗಿಲ್ಲ, ನಾನು ಮೊದಲೇ ಹೇಳಿರಲಿಲ್ವಾ?" ರಿಪೋರ್ಟ್ ಕೊಟ್ಟವರು ಎರಡು ನಿಮಿಷ ಕೂತು ವಿವರಿಸಿದ್ದರೆ ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನನಗೆ ಇವತ್ತಿಗೂ ಸಿಟ್ಟು ಅದಕ್ಕೇ.

ಆಗುವುದು ಇಷ್ಟು. ಅಂಡಾಣುವಿನಲ್ಲಿ ಒಂದು 15 ಇರಬೇಕಾದ ಕಡೆ ಕೆಲವೊಮ್ಮೆ ಎರಡು ಉಳಿದುಬಿಡುತ್ತವೆ. ಅಪ್ಪನದು ಸೇರಿ ಮೂರು. ಮೂರಿದ್ದರೆ ಬಸಿರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಕೆಲವು ಭ್ರೂಣಗಳು ಒಂದನ್ನು ಹೊರಹಾಕಿ ಬದುಕಿಕೊಳ್ಳುತ್ತವೆ. ಹೊರಗೆ ಹೋದದ್ದು ಅಪ್ಪನದಾದರೆ ಉಳಿದ ಎರಡೂ ಅಮ್ಮನವು. ಎಣಿಸಿದರೆ ಲೆಕ್ಕ ಸರಿ, ಅದಕ್ಕೇ ಮೊದಲ ಟೆಸ್ಟ್ ನಾರ್ಮಲ್. ಆದರೆ 15ರಲ್ಲಿ ಕೆಲವು ಜೀನುಗಳು ಅಪ್ಪನಿಂದ ಬಂದರಷ್ಟೇ ಎಚ್ಚರ, ಅಮ್ಮನಿಂದ ಬಂದವು ನಿದ್ದೆಯಲ್ಲೇ ಇರುತ್ತವೆ. ಅಂದರೆ ಮಗುವಿಗೆ ಕಾಡಿದ್ದು ಅಪ್ಪನದು ಇಲ್ಲದ ಕೊರತೆ! ಇದನ್ನು ಅತ್ತೆಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ತಾಯಿಯ ವಯಸ್ಸು ಹೆಚ್ಚಾದರೆ ಇದರ ಸಾಧ್ಯತೆಯೂ ಜಾಸ್ತಿ, ನಿಜ. ಆದರೆ ಅಂಡಾಣುವಿನ ಕೆಲಸ ಶುರುವಾಗುವುದು ಆಕೆ ತನ್ನ ಅಮ್ಮನ ಹೊಟ್ಟೆಯಲ್ಲಿದ್ದಾಗ. ಅರ್ಧಕ್ಕೆ ನಿಂತು, ಮೂವತ್ತು ನಲವತ್ತು ವರ್ಷ ಕಾದು, ಆಮೇಲೆ ಮುಂದುವರಿಯುತ್ತದೆ. ಬಸಿರಲ್ಲಿ ಪಪ್ಪಾಯ ತಿಂದದ್ದಕ್ಕೂ ಗ್ರಹಣ ನೋಡಿದ್ದಕ್ಕೂ ಇಲ್ಲಿ ಏನು ಸಂಬಂಧ? "ಸೋದರಮಾವನಿಗೆ ಕೊಟ್ಟಿದ್ರಾ?" ಅಂತಲೂ ಕೇಳಿದರು. ಸಂಬಂಧದಲ್ಲಿ ಮದುವೆಯಾದರೆ ಕೆಲವು ಕಾಯಿಲೆಗಳ ಅಪಾಯ ಹೆಚ್ಚು. ಇದು ಆ ಲೆಕ್ಕದ್ದಲ್ಲ.

ಎರಡೂ ಒಬ್ಬರ ಕಡೆಯಿಂದಲೇ ಬರಬಹುದು ಅಂತ ತಳಿವಿಜ್ಞಾನಿ ಎರಿಕ್ ಎಂಗೆಲ್ 1980ರಲ್ಲೇ ಊಹಿಸಿದ್ದರು. 1988ರಲ್ಲಿ ಮೊದಲ ರೋಗಿ ಸಿಕ್ಕಳು. ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಗಟ್ಟಿ ಕಫ ಕಟ್ಟುವ ಕಾಯಿಲೆ) ಇದ್ದ ಗಿಡ್ಡ ಹುಡುಗಿ, ಅವಳ ಎರಡೂ 7ನೇ ಕ್ರೋಮೋಸೋಮ್ ತಾಯಿಯವು. ಪ್ರಾಡರ್-ವಿಲ್ಲಿಗೂ ಇದು ಒಂದು ಕಾರಣ ಅಂತ ಮರುವರ್ಷವೇ ಹೊರಬಿತ್ತು. ಇನ್ನು ಎರಡೂ 15 ಅಪ್ಪನವೇ ಆದರೆ ಬರುವುದು ಬೇರೆಯೇ ಕಾಯಿಲೆ, ಏಂಜಲ್‌ಮನ್. ಮಾತು ಬರುವುದೇ ಕಷ್ಟ, ಫಿಟ್ಸ್ ಬರುತ್ತದೆ, ಮಗು ನಗುತ್ತಲೇ ಇರುತ್ತದೆ. ಆ ಮನೆಗಳಲ್ಲಿ ಅಪ್ಪನ ವಂಶವನ್ನು ಯಾರಾದರೂ ಜಾಲಾಡುತ್ತಾರಾ? ನನಗಂತೂ ಅನುಮಾನ.

ಎರಡನೇ ಮಗುವಿಗೆ ಅವಳು ಹೆದರಿ ಕೂತಿದ್ದಳು. ಗಂಡ ಹೆಂಡತಿ ಇಬ್ಬರ ಕ್ರೋಮೋಸೋಮ್ ಸರಿಯಿದ್ದರೆ ಇದು ಮತ್ತೆ ಬರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತ ಇನ್ನೊಬ್ಬ ಡಾಕ್ಟರ್ ಹೇಳಿದ ಮೇಲೆ ಸ್ವಲ್ಪ ಉಸಿರಾಡಿದಳು.

ಈಗ ಅವರ ಮನೆಯ ಫ್ರಿಜ್‌ಗೂ ಅಡುಗೆಮನೆಗೂ ಬೀಗ. ಇದನ್ನು ಓದುವ ನೆಂಟರಲ್ಲಿ ಒಂದು ಕೇಳಿಕೆ: ಹೋಗುವಾಗ "ಪಾಪ ಮಗು" ಅಂತ ಬಿಸ್ಕೆಟ್ ಪೊಟ್ಟಣ ಒಯ್ಯಬೇಡಿ. ಜಿಗ್ಸಾ ಪಜಲ್ ಒಯ್ಯಿರಿ. ಅವನ ಜೊತೆ ಜೋಡಿಸಲು ಕೂತು ನಾನು ಎರಡು ಸಲ ಸೋತಿದ್ದೇನೆ.